ಬೀಗ ಜಡಿದ ಶೌಚಾಲಯ, ಪಿತ್ತಕೋಶ ಕಳೆದುಕೊಂಡ ನಾನು

ಪಿತ್ತಕೋಶ ತೆಗೆಸಿಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ನಾನು ಬಿಡುತ್ತೇನೆ. ನಾಚಿಕೊಳ್ಳಬೇಕಾದವನು ಹೊಟ್ಟೆ ಕೆಟ್ಟ ನಾನಲ್ಲ. ಬಾಗಲಗುಂಟೆಯ ನಮ್ಮ ಸರ್ಕಲ್‌ನಲ್ಲಿ ಇದ್ದೊಂದು ಸಾರ್ವಜನಿಕ ಶೌಚಾಲಯಕ್ಕೆ ಬೀಗ ಜಡಿದು, ಮೂರು ವರ್ಷ ಮರೆತು ಕೂತವರು ನಾಚಿಕೊಳ್ಳಬೇಕು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೊಟ್ಟೆಪಾಡಿಗೆ ಮೋಟರ್ ರಿವೈಂಡಿಂಗ್ ಅಂಗಡಿ, ಉಳಿದ ಹೊತ್ತೆಲ್ಲ ಧರಣಿ. ಕಾನೂನು ಕಲಿತದ್ದು ಬೋಂಡ ಕಟ್ಟಿಕೊಟ್ಟ ಹಳೇ ಪೇಪರುಗಳಿಂದ. ಹಾಗೆ ಓದಿ ಓದಿ ತಲೆಯಲ್ಲಿ ಕಾನೂನೂ ಹೊಟ್ಟೆಯಲ್ಲಿ ಕಲ್ಲೂ ಒಟ್ಟಿಗೇ ಬೆಳೆದವು. ಕಲ್ಲಿನ ಜೊತೆ ಪಿತ್ತಕೋಶವೂ ಹೋಯಿತು. ಆಮೇಲೆ ಶುರುವಾಯಿತು ನೋಡಿ ಓಟ. ಅರ್ಧ ಗಂಟೆ ಒಂದು ಕಡೆ ಕೂರಲಾಗದವನು ಎಂಥ ಧರಣಿ ಕೂರುತ್ತಾನೆ? ಇಷ್ಟು ವರ್ಷ ಪೊಲೀಸರ ಕೈಲಿ ಎಬ್ಬಿಸಲಾಗದ ನನ್ನನ್ನು ನನ್ನ ಕರುಳೇ ಎಬ್ಬಿಸತೊಡಗಿತು.

ಸಂಪು

ಆಪರೇಷನ್‌ಗೆ ಮುಂಚೆ ಡಾಕ್ಟರ ಜೊತೆ ಜಗಳ ಆಡಿದ್ದೆ.

"ಕಲ್ಲು ತೆಗೀರಿ ಸಾರ್, ಚೀಲ ಯಾಕೆ ತೆಗೀತೀರಿ? ಬಾಡಿಗೆದಾರ ಸರಿ ಇಲ್ಲ ಅಂತ ಯಾರಾದ್ರೂ ಮನೆ ಒಡೀತಾರಾ?"

"ಈ ಬಾಡಿಗೆದಾರ ಖಾಲಿ ಮಾಡಿದ್ರೂ ಮತ್ತೆ ಅವನೇ ಬರ್ತಾನೆ ಯಜಮಾನ್ರೇ. ಮನೇನೇ ಒಡೀಬೇಕು."

ಒಡೆದರು. ಹದಿನೈದು ದಿನದ ನಂತರ ನಾನು ಹೆಂಡತಿಯ ಜೊತೆ ಹೋಗಿ, ಏನು ತಿಂದರೂ ಓಡಬೇಕಾಗುತ್ತಿದೆ ಎಂದು ದೂರು ಕೊಟ್ಟೆ. ಡಾಕ್ಟರು ಸಮಾಧಾನವಾಗಿ ಹೇಳಿದರು:

"ಪಿತ್ತಕೋಶ ಅಂದ್ರೆ ಮನೆ ಸಂಪ್ ಇದ್ದ ಹಾಗೆ. ಪಿತ್ತರಸ ಅಲ್ಲಿ ತುಂಬ್ಕೊಂಡಿದ್ದು ಊಟ ಮಾಡಿದಾಗ ಬಿಡ್ತಿತ್ತು. ಈಗ ಸಂಪ್ ಇಲ್ಲ. ಲಿವರಿಂದ ನೇರವಾಗಿ ಕರುಳಿಗೆ ಹನೀತಾನೇ ಇರುತ್ತೆ. ಎಣ್ಣೆ, ತುಪ್ಪ ಕಮ್ಮಿ ಮಾಡಿ. ಸ್ವಲ್ಪ ಸ್ವಲ್ಪ ತಿನ್ನಿ. ಬಹಳ ಜನಕ್ಕೆ ಕೆಲವು ತಿಂಗಳಲ್ಲಿ ಸರಿ ಹೋಗುತ್ತೆ."

ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡು ಅಂದಳು: "ಅಂದ್ರೆ ನಮ್ಮ ಬೀದಿಗೆ ನೀರು ವಾರಕ್ಕೆರಡು ಸಲ ಬಂದ್ರೆ, ಇವರ ಹೊಟ್ಟೇಲಿ ಇಪ್ಪತ್ನಾಲ್ಕು ಗಂಟೆನೂ ಬರುತ್ತೆ ಅನ್ನಿ."

ಲಗತ್ತು

ತೆಗೆದ ಕಲ್ಲುಗಳನ್ನು ಚಿಕ್ಕ ಡಬ್ಬಿಗೆ ಹಾಕಿ ಮನೆಯವರ ಕೈಗೆ ಕೊಟ್ಟಿದ್ದರು. ನೋಡಲು ಬಂದವರಿಗೆಲ್ಲ ಕಾಫಿ, ಬಿಸ್ಕತ್ತಿನ ಜೊತೆ ಆ ಡಬ್ಬಿಯನ್ನೂ ತೋರಿಸುವುದು ನಮ್ಮ ಮನೆಯಲ್ಲಿ ಒಂದು ಶಾಸ್ತ್ರವೇ ಆಗಿಹೋಯಿತು. ಹದಿನೇಳು ಕಲ್ಲು. ಒಂದೊಂದೂ ಕಡಲೆಬೇಳೆ ಗಾತ್ರ.

ನೋಡನೋಡುತ್ತ ನನಗೆ ಹೊಳೆಯಿತು. ನಮ್ಮ ಬೀದಿಯ ಬೋರ್‌ವೆಲ್ ನೀರಿಗೆ ಬಕೆಟ್ ತಳದಲ್ಲಿ ಬಿಳೀ ಪದರ ಗಟ್ಟಿಯಾಗಿ ಕಟ್ಟುತ್ತದೆ. ಬಕೆಟ್‌ನಲ್ಲಿ ಕಟ್ಟುವುದು ಹೊಟ್ಟೆಯಲ್ಲಿ ಕಟ್ಟದೆ ಇರುತ್ತದೆಯೇ? ಸಾಕ್ಷಿ ಕೈಯಲ್ಲೇ ಇದೆ! ಕಲ್ಲಿನ ಡಬ್ಬಿ ಹಿಡಿದು ನೀರಿನ ಕಚೇರಿಗೆ ನುಗ್ಗಿದೆ.

ಗುಮಾಸ್ತ ಡಬ್ಬಿ ಅಲ್ಲಾಡಿಸಿ ನೋಡಿದ. "ಕಲ್ಲಿಗೆ ಸೀಲ್ ಹಾಕಕ್ಕಾಗಲ್ಲ ಸಾರ್. ಅರ್ಜಿ ಕೆಳಗೆ ಲಗತ್ತು ಅಂತ ಬರೀರಿ." ಬರೆದೆ: "ಲಗತ್ತು: ಕಲ್ಲು, ಹದಿನೇಳು." ಸೀಲು ಬಿತ್ತು.

ಒಳಗೆ ಕೂತಿದ್ದ ಇಂಜಿನಿಯರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಕಲ್ಲನ್ನು ಪೆನ್ಸಿಲಿನಿಂದ ಕೆರೆದಳು. "ಸಾರ್, ನೀರಿಂದ ಕಟ್ಟೋದು ಸುಣ್ಣ. ಇದು ಮೇಣದ ಹಾಗಿದೆ ನೋಡಿ, ಕೊಬ್ಬು. ಬೋಂಡ ತಿಂತೀರಾ?"

"ಓದೋದಕ್ಕೆ ತಿಂತೀನಿ" ಅಂದೆ.

ಅರ್ಜಿ ವಜಾ ಆಯಿತು. ಆಗಲಿ, ನನ್ನ ಕಲ್ಲು ನನಗೆ ವಾಪಸ್ ಕೊಡಿ ಎಂದರೆ, ಕಡತದಲ್ಲಿ ಸೇರಿದೆ, ಕೊಡಲಾಗದು ಅಂದರು. ಬಿಡುವವನೇ ನಾನು? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಒಂದು ತಿಂಗಳಿಗೆ ಉತ್ತರ ಬಂತು: "ಲಗತ್ತುಗಳನ್ನು ಹಿಂದಿರುಗಿಸಲು ಅವಕಾಶವಿರುವುದಿಲ್ಲ. ಅಗತ್ಯವಿದ್ದಲ್ಲಿ ಶುಲ್ಕ ಪಾವತಿಸಿ ದೃಢೀಕೃತ ನಕಲು ಪಡೆಯಬಹುದು."

ಗುಸ್ಸಾ

ಪಕ್ಕದ ಮನೆಯ ವೆಲ್ಡಿಂಗ್ ಅಂಗಡಿ ಭಾಯಿ ನನ್ನ ಹೋರಾಟದ ಜೊತೆಗಾರ. ಮೈಕು, ಬ್ಯಾಟರಿ ಎಲ್ಲ ಅವನದೇ. ಅವನ ತಾಯಿಯನ್ನು ಬೀದಿಯೆಲ್ಲ ಅಮ್ಮಿ ಅನ್ನುತ್ತದೆ. ಆಪರೇಷನ್ ಆದ ಮೇಲೆ ನನಗೆಂದೇ ಎಣ್ಣೆ ಹಾಕದ ಗಂಜಿ ಮಾಡಿ ಕಳಿಸುತ್ತಿದ್ದ ತಾಯಿ.

"ಪಿತ್ತ ಹೋಯ್ತಲ್ಲಾ ಬೇಟಾ. ಇನ್ನ ಗುಸ್ಸಾನೂ ಹೋಗ್ತದೆ, ನೋಡ್ತಾ ಇರು" ಅಂದರು ಅಮ್ಮಿ. ನನ್ನ ಸಿಟ್ಟು ಇಳಿಯುತ್ತದೆಂದು ಹೆಂಡತಿಯ ಕಣ್ಣಲ್ಲಿ ಆಸೆ ಮಿನುಗಿತು.

ಮೂರನೇ ದಿನ ಕಸದ ಗಾಡಿಯವನು ನಮ್ಮ ಬೀದಿ ಬಿಟ್ಟು ಮುಂದೆ ಹೋದ. ನಾನು ಲುಂಗಿಯಲ್ಲೇ ಓಡಿ, ಗಾಡಿಗೆ ಅಡ್ಡ ನಿಂತೆ. ಅವನ ಗುತ್ತಿಗೆದಾರನಿಂದ ಹಿಡಿದು ಮಂತ್ರಿಯವರೆಗೆ ಒಬ್ಬೊಬ್ಬರನ್ನೇ ಬೈದು ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಮಹಡಿ ಮೇಲಿಂದ ನೋಡುತ್ತಿದ್ದ ಅಮ್ಮಿ ಮಗನನ್ನು ಕೂಗಿದರು:

"ಅರೆ, ಆ ಡಾಕ್ಟರು ಅರ್ಧಾನೇ ತೆಗ್ದವ್ರೆ ಕಣೋ!"

ರಾಜಾನುಕುಂಟೆಯ ಐದು ಬಾಗಿಲು

ನನ್ನ ಹೆಂಡತಿಯ ತಮ್ಮ ರಾಜಾನುಕುಂಟೆಯಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶದ ಮಾರನೇ ದಿನ ಬಾಡೂಟ. ಬಂದವರೆಲ್ಲ ಗ್ರಾನೈಟ್ ಮುಟ್ಟಿ ನೋಡುತ್ತಿದ್ದರೆ ನಾನು ಬಾತ್‌ರೂಮಿನ ಬಾಗಿಲು ಎಣಿಸುತ್ತಿದ್ದೆ. ಕೆಳಗೆ ಎರಡು, ಮೇಲೆ ಮೂರು. ನಾಲ್ಕು ಜನ ಇರುವ ಮನೆಗೆ ಐದು! ಸಂತೆಯ ಹಾಗೆ ಜನ ಓಡಾಡುವ ನಮ್ಮ ಸರ್ಕಲ್‌ಗೆ ಒಂದೇ ಒಂದು, ಅದಕ್ಕೂ ಬೀಗ. ಇದನ್ನು ಅಲ್ಲೇ ಭಾಷಣ ಮಾಡಲು ಹೊರಟವನನ್ನು ಹೆಂಡತಿ ಕೈ ಹಿಡಿದು ಎಲೆ ಮುಂದೆ ಕೂರಿಸಿದಳು.

"ನಂಗೆ ಬರೀ ಅನ್ನ ಮಜ್ಜಿಗೆ ಸಾಕಪ್ಪ" ಅಂದೆ.

"ಇಂಗಂದ್ರೆ ಎಂಗೆ ಭಾವ? ನಿಮಗೇಂತ್ಲೇ ಕೊಬ್ಬೆಲ್ಲ ತಗ್ಸಿ ಮಾಡ್ಸಿವ್ನಿ. ನಮ್ ಮನೇಲುಂಡ್ರೆ ಏನೂ ಆಗಕಿಲ್ಲ, ಉಣ್ಣಿ!"

ಪ್ರೀತಿಯಿಂದ ಹೇಳುವವರ ಮುಂದೆ ನನ್ನ ಹೋರಾಟ ನಡೆಯುವುದಿಲ್ಲ. ಮುದ್ದೆ ಮುರಿದೆ, ಸಾರಿನಲ್ಲಿ ಅದ್ದಿದೆ. ಕಾಲು ಗಂಟೆಯಲ್ಲಿ ಎದ್ದೆ. ಸಂಜೆಯವರೆಗೆ ಏಳುತ್ತಲೇ ಇದ್ದೆ. ಒಂದರಲ್ಲಿ ಯಾರೋ ಇದ್ದರೆ ಇನ್ನೊಂದು, ಅದೂ ಖಾಲಿ ಇಲ್ಲದಿದ್ದರೆ ಮೆಟ್ಟಿಲು ಹತ್ತಿ ಮತ್ತೊಂದು.

ಹೊರಡುವಾಗ ಭಾಮೈದ ನೆಂಟರಿಗೆಲ್ಲ ಕೇಳುವ ಹಾಗೆ ಹೇಳಿದ: "ಐನೋರು ಒಂದ್ ಕಿತ ಮಾಡ್ಸಿದ್ರು ಗೃಹಪ್ರವೇಸ. ನಮ್ ಭಾವ ಐದ್ ಕಿತ ಮಾಡವ್ರೆ!"

ಮೊಳೆಗೆ ನೇತುಹಾಕಿದ ಕೀ

ಸರ್ಕಲ್‌ನಲ್ಲಿ ಬಾಯ್ದೆರೆದಿದ್ದ ಚರಂಡಿಗಾಗಿ ವಾರ್ಡ್ ಕಚೇರಿ ಮುಂದೆ ಧರಣಿ. ಮನೆಯಲ್ಲಿ ಎರಡೇ ಇಡ್ಲಿ ತಿಂದು ಬಂದಿದ್ದೆ. ಆದರೆ ಭಾಯಿ ಎಲ್ಲರಿಗೂ ಉದ್ದಿನವಡೆ ತರಿಸಿದ್ದ. ಎರಡು ತಿಂದೆ. ಮೈಕು ಹಿಡಿದೆ.

"ಈ ಕಚೇರಿಯಲ್ಲಿ ಕೂತಿರುವವರು ಕಳ್ಳರು! ಚರಂಡಿ ಮುಚ್ಚುವವರೆಗೆ ನಾನು ಇಲ್ಲಿಂದ ಒಂದು ಹೆಜ್ಜೆಯೂ ಕದಲುವುದಿಲ್ಲ!"

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಹೊಟ್ಟೆ ತನ್ನ ಮಾತು ಶುರು ಮಾಡಿತು. ಎದುರಿಗೇ ಶೌಚಾಲಯ, ಅದಕ್ಕೆ ತುಕ್ಕು ಹಿಡಿದ ಬೀಗ. ಮೈಕನ್ನು ಭಾಯಿ ಕೈಗೆ ತುರುಕಿ, ಕಳ್ಳರು ಎಂದು ಆಗಷ್ಟೇ ಕರೆದ ಕಚೇರಿಯೊಳಕ್ಕೇ ಓಡಿದೆ. ಕಿಟಕಿಯಲ್ಲಿ ನಿಂತಿದ್ದ ವಾರ್ಡಿನ ಸಾಹೇಬರು ನನ್ನ ಮುಖ ನೋಡಿದವರೇ ಡ್ರಾಯರಿನಿಂದ ಕಚೇರಿಯ ಶೌಚಾಲಯದ ಕೀ ತೆಗೆದು ನೀಡಿದರು.

ಹೊರಗೆ ಬಂದಾಗ ಕೇಳಿದರು: "ಪಿತ್ತಕೋಶಾನಾ?"

"ನಿಮಗೆ ಹೆಂಗೆ ಗೊತ್ತಾಯ್ತು ಸಾರ್?"

"ನಮ್ಮ ಮನೆಯವಳಿಗೂ ತೆಗ್ಸಿದೀವಿ. ಆ ಓಟ ನೋಡಿದ್ರೇ ಗೊತ್ತಾಗುತ್ತೆ. ನಮ್ಮನ್ನ ಬೈಯೋದು ಮುಗೀತಾ?"

"ಇನ್ನೂ ಅರ್ಧ ಇದೆ."

"ಹೋಗಿ ಮುಗ್ಸಿ. ಕೀ ಈ ಮೊಳೆಗೆ ಹಾಕಿರ್ತೀನಿ. ಯಾವಾಗ ಬೇಕಾದ್ರೂ ಬನ್ನಿ."

ಮತ್ತೆ ಮೈಕು ಹಿಡಿದೆ. "ಈ ಕಚೇರಿಯಲ್ಲಿ ಕೂತಿರುವವರು..." ಎಂದವನು ಒಮ್ಮೆ ಕಿಟಕಿಯತ್ತ ನೋಡಿದೆ. "...ಎಲ್ಲರೂ ಅಂತಲ್ಲ" ಅಂದೆ.

ಮುಂದೆಯೇ ಕೂತಿದ್ದ ಹೂವು ಮಾರುವಮ್ಮ ಕೈ ಕಟ್ಟಿಕೊಂಡು ಕೇಳಿದಳು: "ಒಳಗೋಗಿ ಬಂದಿದ್ದಕ್ಕೇ ಇಷ್ಟು ಮೆತ್ತಗಾಗ್ಬಿಟ್ರಲ್ಲಣ್ಣಾ. ಏನ್ ಕೊಟ್ರು?"

ಸುಳ್ಳು ಹೇಳಿ ಅಭ್ಯಾಸವಿಲ್ಲ. "ಕೀ" ಅಂದೆ.

ಸಾಲು

ಮಾರನೇ ದಿನ ಹೂವಮ್ಮನ ಮುಂದೆ ಹಾದು ಹೋಗಲೂ ಅಂಜಿಕೆ. ಅವಳೇ ಕರೆದಳು.

"ನಿಮಗೇನೋ ಕೀ ಸಿಕ್ತು. ನಮ್ಗೆ? ಹದಿನೆಂಟು ವರ್ಷದಿಂದ ಇಲ್ಲಿ ಕೂತು ಹೂ ಕಟ್ತಿದೀನಿ. ಮೊದ್ಲು ಶೌಚಾಲಯ ಇರ್ಲಿಲ್ಲ, ಕಟ್ಟಿದ್ಮೇಲೆ ಬೀಗ. ಬೆಳಗ್ಗೆ ಆರಕ್ಕೆ ಬಂದ್ರೆ ಮಧ್ಯಾಹ್ನದವರ್ಗೂ ಒಂದ್ ಗುಟುಕು ನೀರು ಕುಡಿಯಲ್ಲ ನಾನು. ಯಾಕೆ ಅಂತ ಯಾವತ್ತಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಅದೇ ಸರ್ಕಲ್‌ನಲ್ಲಿ ನಿಂತು ಜನರ ಕಷ್ಟ, ಜನರ ಕಷ್ಟ ಎಂದು ಗಂಟಲು ಹರಿದುಕೊಂಡವನು ನಾನು. ನನ್ನ ಹೊಟ್ಟೆ ಕೆಡುವವರೆಗೆ ಆ ಬೀಗ ನನಗೆ ಕಂಡೇ ಇರಲಿಲ್ಲ. ನನ್ನನ್ನು ನಾನೇ ಬೈದುಕೊಂಡೆ. ಬೇರೆಯವರಿಗೆ ಬೈದಷ್ಟೇ ಜೋರಾಗಿ.

ಅಂದು ಹನ್ನೊಂದಕ್ಕೆ ಹೂವಿನವರು, ಸೊಪ್ಪಿನವರು, ತೆಂಗಿನಕಾಯಿಯವರು, ಒಟ್ಟು ಹನ್ನೆರಡು ಹೆಂಗಸರು ಕಚೇರಿಯೊಳಗೆ ಸಾಲಾಗಿ ನಿಂತರು. ಮೊಳೆಯಿಂದ ಕೀ ತೆಗೆದು ಮೊದಲನೆಯವರ ಕೈಗೆ ಕೊಟ್ಟೆ.

ಸಾಹೇಬರು ಎದ್ದು ಬಂದರು. "ರೀ, ನಾನು ಕೀ ಕೊಟ್ಟಿದ್ದು ನಿಮಗೆ!"

"ನಾನೊಬ್ಬನೇ ಉಪಯೋಗಿಸಿದ್ರೆ ಅದು ಲಂಚ ಸಾರ್. ಎಲ್ಲರೂ ಉಪಯೋಗಿಸಿದ್ರೆ ಸೌಲಭ್ಯ."

ಎರಡನೇ ದಿನ ಆಟೋದವರು ಸೇರಿದರು. ಮೂರನೇ ದಿನ ಸಾಲು ಮೆಟ್ಟಿಲು ಇಳಿದು ಬೀದಿಗೆ ಬಂತು. ಖಾತೆ ಅರ್ಜಿ ಹಿಡಿದು ಬಂದ ಒಬ್ಬ ಯಜಮಾನರು ಯಾವ ಸಾಲೆಂದು ತಿಳಿಯದೆ ಇದರಲ್ಲೇ ನಿಂತು, ಅರ್ಧ ಗಂಟೆಗೆ ಬಾಗಿಲು ತಲುಪಿದರು. ವಿಷಯ ಗೊತ್ತಾದ ಮೇಲೂ ಹಿಂದೆ ಸರಿಯಲಿಲ್ಲ. "ಈ ಕಚೇರೀಲಿ ನನ್ನ ಸರದಿ ಬಂದಿದ್ದೇ ಇದು ಮೊದಲು" ಎಂದು ಒಳಗೆ ಹೋಗಿಯೇ ಬಂದರು.

ಆರನೇ ದಿನ ಸಾಹೇಬರಿಗೇ ಅವಸರವಾಯಿತು. ನೇರ ಬಾಗಿಲಿಗೆ ಬಂದವರನ್ನು ಹೂವಮ್ಮ ತಡೆದಳು. "ಸಾಹೇಬ್ರೇ, ಲೈನಲ್ಲಿ ಬನ್ನಿ." ಒಂಬತ್ತನೆಯವರಾಗಿ ನಿಂತರು. ನಿಂತಲ್ಲೇ ಫೈಲು ತರಿಸಿ, ಶೌಚಾಲಯ ತೆರೆಯುವ ಆದೇಶಕ್ಕೆ ಸಹಿ ಹಾಕಿದರು. ಸಹಿ ಸ್ವಲ್ಪ ಸೊಟ್ಟಗಿತ್ತು. ನಾನು ತಕರಾರು ಮಾಡಲಿಲ್ಲ.

ಬೇಕೇ ಬೇಕು

ಬೀಗ ಒಡೆದು, ಬಣ್ಣ ಬಳಿದು, ಉದ್ಘಾಟನೆಗೆ ಶಾಮಿಯಾನ ಹಾಕಿಸಿದರು. ಶಾಸಕರು ಬಂದರು. ಮೂರು ವರ್ಷ ತಿರುಗಿ ನೋಡದವರೆಲ್ಲ ವೇದಿಕೆ ಮೇಲೆ ಕೂತರು. ನನಗೂ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಕೇಸರಿಬಾತ್ ತಟ್ಟೆ ಕೈಗಿಟ್ಟರು. ತುಪ್ಪ ಬೆರಳಿಗೆ ಇಳಿಯುತ್ತಿತ್ತು. ಬೇಡ ಅಂದೆ. ಫೋಟೋದವನು ಬಿಡಲಿಲ್ಲ. "ಸಾರ್, ಶಾಸಕರು ಒಂದೇ ಒಂದು ತುತ್ತು ತಿನ್ನಿಸ್ತಾರೆ." ಫೋಟೋ ಸರಿ ಬರಲಿಲ್ಲವೆಂದು ಮೂರು ತುತ್ತು ತಿನ್ನಿಸಿದರು.

ಶಾಸಕರು ಭಾಷಣ ಶುರು ಮಾಡಿದರು. ಈ ಶೌಚಾಲಯ ತಮ್ಮ ಬಹುದಿನದ ಕನಸು ಎಂದರು. ನಾನು ಕಾಲು ಬದಲಿಸಿ ಕೂತೆ. ರಾತ್ರಿ ಹಗಲು ಇದಕ್ಕಾಗಿ ದುಡಿದೆವು ಎಂದರು. ನನ್ನ ಹಣೆಯಲ್ಲಿ ಬೆವರು. ಪಕ್ಕದಲ್ಲಿದ್ದ ಸಾಹೇಬರು ನನ್ನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, "ಓಡಿ" ಅಂದರು.

ಶಾಲು, ಪೇಟ ಸಮೇತ ಓಡಿದೆ. ಬಾಗಿಲಿಗೆ ಕಟ್ಟಿದ್ದ ರಿಬ್ಬನ್ ಕೆಳಗೆ ಬಗ್ಗಿ ಒಳಗೆ ಸೇರಿ ಚಿಲಕ ಹಾಕಿದೆ. ಆ ಸುಖವನ್ನು ಬರೆಯಲು ನನಗೆ ಭಾಷೆ ಸಾಲದು.

ಆಮೇಲೆ ಕೊಳಾಯಿ ತಿರುಗಿಸಿದೆ. ಬುಸ್ ಎಂದಿತು. ಇನ್ನೊಂದು ತಿರುಗಿಸಿದೆ. ಅದು ಬುಸ್ ಎನ್ನಲೂ ಇಲ್ಲ. ಟ್ಯಾಂಕಿಗೆ ಬಣ್ಣ ಹೊಡೆದಿದ್ದರು, ಪೈಪು ಜೋಡಿಸಿರಲಿಲ್ಲ!

ಬೇರೆ ದಾರಿಯಿಲ್ಲದೆ ಕಿಂಡಿಗೆ ಬಾಯಿಟ್ಟು ಕೂಗಿದೆ. "ನೀರು ಬೇಕು!"

ಹೊರಗೆ ಭಾಷಣ ನಿಂತಿತು. ಇನ್ನೂ ಜೋರಾಗಿ ಕೂಗಿದೆ. "ನೀರು ಬೇಕು!"

ನನ್ನ ಗಂಟಲು ಕೇಳಿದ ಕೂಡಲೇ ಭಾಯಿ, ಇಷ್ಟು ವರ್ಷದ ಅಭ್ಯಾಸ ನೋಡಿ, ಶಾಸಕರ ಕೈಯಿಂದ ಮೈಕು ಕಿತ್ತುಕೊಂಡ. "ಬೇಕೇ ಬೇಕು!"

ಇಡೀ ಶಾಮಿಯಾನ ಎದ್ದು ನಿಂತಿತು. "ನೀರು ಬೇಕು!"

"ಘೋಷಣೆ ಅಲ್ಲ ಕಣ್ರೋ! ನಿಜವಾಗ್ಲೂ ಬೇಕು!"

"ನಿಜವಾಗ್ಲೂ ಬೇಕು! ನಿಜವಾಗ್ಲೂ ಬೇಕು!" ಅಂದರು ಜನ, ಮುಷ್ಟಿ ಎತ್ತಿ.

"ಈಗಲೇ ಬೇಕು ಕಣ್ರಯ್ಯಾ!"

"ಈಗಲೇ ಬೇಕು! ಈಗಲೇ ಬೇಕು!"

ಶಾಸಕರು ಗಾಬರಿಯಾಗಿ, ಸಂಜೆಯೊಳಗೆ ಪೈಪು ಜೋಡಿಸುತ್ತೇವೆ ಎಂದು ಎಲ್ಲರೆದುರು ಮಾತು ಕೊಟ್ಟರು. ಜೋಡಿಸಿದರು ಕೂಡ. ಆದರೆ ನನಗೆ ಸಂಜೆಯವರೆಗೆ ಪುರಸೊತ್ತಿರಲಿಲ್ಲ. ಅಷ್ಟು ಜನರಲ್ಲಿ ಸಂಗತಿ ಅರ್ಥವಾದದ್ದು ಹೂವಮ್ಮನೊಬ್ಬಳಿಗೆ. ಹೂ ಬಾಡದಿರಲೆಂದು ಇಟ್ಟುಕೊಂಡಿದ್ದ ನೀರಿನ ಬಕೆಟ್ಟನ್ನು ತಂದು, ನಾನು ಚೂರೇ ತೆರೆದ ಬಾಗಿಲ ಸಂದಿಯಿಂದ ಒಳಗೆ ತಳ್ಳಿದಳು.

ಜೀವಮಾನದಲ್ಲಿ ಎಷ್ಟೋ ಬೇಡಿಕೆ ಇಟ್ಟಿದ್ದೇನೆ. ಇಟ್ಟ ಎರಡೇ ನಿಮಿಷಕ್ಕೆ ಈಡೇರಿದ್ದು ಅದೊಂದೇ. ಅದೂ ಮೇಲೆ ಮಲ್ಲಿಗೆ ತೇಲಿಸಿಕೊಂಡು.