ತಂದದ್ದು, ಬಡಿಸಿದ್ದು, ಉಳಿದದ್ದು

ಸಿಂಗಾಪುರದ ‘ಕಡಲಾಚೆ ಕನ್ನಡ ಬಳಗ’ದ ನಿಯಮಾವಳಿಯ ಪ್ರಕಾರ ಮನುಷ್ಯ ಮಾಡಬಹುದಾದ ಸೇವೆಗಳು ಮೂರೇ: ಬಡಿಸುವುದು, ಜೋಡಿಸುವುದು, ಗುಡಿಸುವುದು. ನಾಲ್ಕನೆಯದೊಂದು ಇದೆಯೆಂದು ಇದುವರೆಗೆ ಯಾರೂ ಲಿಖಿತವಾಗಿ ತಿಳಿಸಿರಲಿಲ್ಲ.

ಹೀಗಿರುವಾಗ, ಬ್ಯೂನಾ ವಿಸ್ಟಾದ ಕಾಂಡೋ ಫ್ಲ್ಯಾಟಿನಲ್ಲಿ ಮಗಳ ಜೊತೆಗಿರುವ ಗದಗಿನ ಗುರುಬಸಪ್ಪನವರಿಗೆ ರಾಜ್ಯೋತ್ಸವದಂದು ‘ಹಿರಿಯ ಸೇವಾಕರ್ತ’ ಸನ್ಮಾನ ಮಾಡುವುದೆಂದು ಬಳಗ ಠರಾವು ಮಾಡಿತು. ಅವರಿಗೀಗ ಎಪ್ಪತ್ತಾರು. ಎಪ್ಪತ್ತೊಂದರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದರು. ಅಧಿಕಾರಿಯಾಗಿ ಅಲ್ಲ, ಕೈಕೆಲಸದ ಏರ್‌ಮನ್ ಆಗಿ. ಸಾಮಾನು ಸಾಗಿಸುವ ವಿಮಾನವನ್ನೇ ಬಾಂಬರ್ ಮಾಡಿದ್ದರು. ಹಿಂಬಾಗಿಲು ತೆರೆದಾಗ ಬಾಂಬುಗಳನ್ನು ಕೈಯಿಂದ ಕೆಳಗೆ ತಳ್ಳುವುದು ಇವರ ಕೆಲಸ. ಜೊತೆಗೆ ತಳ್ಳುತ್ತಿದ್ದವನು ಮೈಸೂರಿನ ಶ್ರೀಕಂಠ. ನಾಲ್ಕನೆಯ ಹಾರಾಟದಲ್ಲಿ ಅವನ ಸೊಂಟದ ಹಗ್ಗ ಬಿಚ್ಚಿಕೊಂಡು, ಕೊನೆಯ ಬಾಂಬಿನ ಹಿಂದೆಯೇ ಅವನೂ ಹೋದ.

“ಸನ್ಮಾನ ಗಿನ್ಮಾನ ನನಗ ಬ್ಯಾಡ,” ಎಂದರು ಗುರುಬಸಪ್ಪನವರು ಮಗಳು ಭಾಗ್ಯಶ್ರೀಗೆ. “ಮೈಕಿನ್ಯಾಗ ಒಮ್ಮೆ ಶ್ರೀಕಂಠನ ಹೆಸರು ಓದ್ಲಿ. ಹೆಣ ಸಿಗಲಿಲ್ಲ ಅಂತ ಆವಾಗ ನಾಪತ್ತೆ ಅಂತ ಬರಕೊಂಡು ಬಿಟ್ರು, ಎಲ್ಲೂ ಓದಲಿಲ್ಲ. ಅಷ್ಟಾದ್ರ ಬರ್ತೀನಿ.”

ಸನ್ಮಾನ ಉಪಸಮಿತಿಯ ಸಂಚಾಲಕಿ ನಿಶ್ಚಿತಾ. ಪಾಯಾ ಲೆಬಾರ್‌ನ ಕಚೇರಿಯೊಂದರಲ್ಲಿ ಕಂಪ್ಲೈಯನ್ಸ್, ಅಂದರೆ ನಿಯಮಪಾಲನೆ, ನೋಡಿಕೊಳ್ಳುವವರು. ಶನಿವಾರ ಅಲ್ಲೇ ಮೀಟಿಂಗ್ ರೂಮ್ ಬುಕ್ ಮಾಡಿ, ಅಪ್ಪ ಮಗಳನ್ನು ಎದುರಿಗೆ ಕೂರಿಸಿಕೊಂಡು ಫಾರ್ಮ್ ತೆರೆದರು.

“ಅಂಕಲ್, ಇದರಲ್ಲಿ ಯುದ್ಧ ಅಂತ ಆಪ್ಷನ್ ಇಲ್ಲ. ಮೂರರಲ್ಲಿ ಒಂದು ಸೆಲೆಕ್ಟ್ ಮಾಡ್ಬೇಕು. ಬಾಂಬ್‌ನ ಮೇಲಿಂದ ಕೆಳಗೆ ಹಾಕ್ತಿದ್ರಾ?”

“ಹೌದು ಮೇಡಂ.”

“ಸಾಲಾಗಿ?”

“ಸಾಲಾಗೇ. ಒಂದಾದ ಮ್ಯಾಲ ಒಂದು.”

“ಸಾಕು ಅಂದವರಿಗೂ?”

“ಮ್ಯಾಲಿದ್ದವರಿಗೆ ಕೇಳಿಸ್ತಿರಲಿಲ್ಲ.”

“ಹಾಗಾದ್ರೆ ಬಡಿಸೋದು,” ಎಂದು ನಿಶ್ಚಿತಾ ಟಿಕ್ ಮಾಡಿದರು. ಕೈಗವಸು, ತಲೆಗೆ ಟೋಪಿ ಎರಡೂ ಹಾಕಿಕೊಂಡಿದ್ದರೆಂದು ತಿಳಿದು ಶುಚಿತ್ವಕ್ಕೆ ಪೂರ್ತಿ ಅಂಕ ಕೊಟ್ಟರು. ಇನ್ನು ಫಲಾನುಭವಿಗಳ ಅಭಿಪ್ರಾಯ ಕಡ್ಡಾಯ.

“ಫೀಡ್‌ಬ್ಯಾಕ್ ಏನಾದ್ರೂ ಬಂತಾ?”

“ಬಂತಲ್ಲ. ಕೆಳಗಿಂದ ಗುಂಡು ಹಾರಿಸ್ತಿದ್ರು.”

“ಆಗಲೇ?”

“ಆಗಿಂದಾಗಲೇ.”

‘ಪ್ರತಿಕ್ರಿಯೆ: ತತ್‌ಕ್ಷಣ, ಉತ್ಸಾಹಭರಿತ’ ಎಂದು ದಾಖಲಾಯಿತು.

ಎಲ್ಲ ಸುಸೂತ್ರವಾಗಿ ನಡೆದಿದೆ ಎನ್ನುವಷ್ಟರಲ್ಲಿ ಗುರುಬಸಪ್ಪನವರು ಶ್ರೀಕಂಠನ ವಿಷಯ ಎತ್ತಿದರು. ನಿಶ್ಚಿತಾಗೆ ನಿಜಕ್ಕೂ ಬೇಸರವಾಯಿತು. ಹೆಣ್ಣುಮಗಳು ಕೆಟ್ಟವಳೇನಲ್ಲ.

“ಮೆಂಬರ್ ಅಲ್ಲದವರ ಹೆಸರು ಸ್ಟೇಜಲ್ಲಿ ಓದೋ ಹಾಗಿಲ್ಲ ಅಂಕಲ್. ಹೋದ ವರ್ಷ ಒಬ್ರು ವಂದನಾರ್ಪಣೆಯಲ್ಲಿ ಭಾವಮೈದುನರನ್ನೆಲ್ಲ ಸೇರಿಸಿ ನಲವತ್ತು ನಿಮಿಷ ಓದಿಬಿಟ್ರು. ಅದೂ ಅಲ್ದೆ ಇವರು ಶಿಫ್ಟ್ ಮುಗಿಸಿಲ್ಲ, ಮಧ್ಯದಲ್ಲೇ ಬಿಟ್ಟು ಹೋಗಿದಾರೆ.”

“ಬಿಟ್ಟು ಹೋಗಲಿಲ್ಲವ್ವಾ. ಬಿದ್ದ.”

“ಎರಡಕ್ಕೂ ಒಂದೇ ಕೋಡ್ ಅಂಕಲ್.”

ಅವತ್ತು ಶ್ರೀಕಂಠನ ಹಗ್ಗಕ್ಕೆ ಗಂಟು ಹಾಕಿದ್ದವರು ಗುರುಬಸಪ್ಪನವರೇ. ಅದನ್ನು ಯಾವ ಫಾರ್ಮೂ ಕೇಳಿರಲಿಲ್ಲ.

“ಮತ್ತ ಸ್ಟೇಜಿನ್ಯಾಗ ಏನು ಓದ್ತೀರಿ?” ಎಂದು ಕೇಳಿದರು.

“ಬಡಿಸಿದ ಪಟ್ಟಿ ಮಾತ್ರ ಪೂರ್ತಿ ಓದ್ತೀವಿ. ಒಂದು ವರ್ಷ ಹೋಳಿಗೆ ಕಮ್ಮಿ ಬಿದ್ದು ದೊಡ್ಡ ಜಗಳ ಆಯ್ತು, ಅದಕ್ಕೇ ರೂಲ್ ಹನ್ನೊಂದು. ತಂದದ್ದೆಷ್ಟು, ಬಡಿಸಿದ್ದೆಷ್ಟು, ಉಳಿದದ್ದೆಷ್ಟು, ಒಂದಕ್ಷರ ಬಿಡದೆ ಓದ್ಬೇಕು.”

“ಅದನ್ನ ಬರೆಯೋರು ಯಾರು?”

“ಬಡಿಸಿದವರೇ.”

ಗುರುಬಸಪ್ಪನವರು ಕನ್ನಡಕ ಹಾಕಿಕೊಂಡು, ಪೆನ್ನು ಕೇಳಿದರು.

ರಾಜ್ಯೋತ್ಸವದ ದಿನ ಬಳಗದ ಅಧ್ಯಕ್ಷ ಹರ್ಷವರ್ಧನ್ ಮೈಸೂರು ಪೇಟ ತೊಟ್ಟು, ಸನ್ಮಾನಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಡಿಸಿದವರೆಲ್ಲ ಬರೆದುಕೊಟ್ಟ ಪಟ್ಟಿಯನ್ನು ಗಂಭೀರವಾಗಿ ಓದಿದರು.

“ಕೋಸಂಬರಿ: ತಂದದ್ದು ಆರು ಪಾತ್ರೆ, ಬಡಿಸಿದ್ದು ಆರು, ಉಳಿದದ್ದು ಇಲ್ಲ. ಬಿಸಿಬೇಳೆಬಾತ್: ತಂದದ್ದು ಒಂಬತ್ತು, ಬಡಿಸಿದ್ದು ಎಂಟು, ಉಳಿದದ್ದು ಒಂದು. ಬಾಂಬು: ತಂದದ್ದು ಹದಿನೆಂಟು, ಬಡಿಸಿದ್ದು ಹದಿನೆಂಟು, ಉಳಿದದ್ದು ಇಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಏನೂ ಉಳಿಯದಿದ್ದರೆ ತಟ್ಟುವುದು ಅಲ್ಲಿಯ ರೂಢಿ.

“ಆಳು: ತಂದದ್ದು ಎರಡು. ಬಡಿಸಿದ್ದು ಒಂದು: ಶ್ರೀಕಂಠ, ಮೈಸೂರು. ಉಳಿದದ್ದು ಒಂದು.”

ಗುರುಬಸಪ್ಪನವರು ಎದ್ದು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನಾಡಗೀತೆ ಶುರುವಾಗುತ್ತದೇನೋ ಎಂದುಕೊಂಡು ಇಡೀ ಸಭೆ ಎದ್ದು ನಿಂತಿತು. ನಾಡಗೀತೆಯ ಆಡಿಯೊ ಇನ್ನೂ ಲೋಡ್ ಆಗುತ್ತಿತ್ತು. ಹಾಗಾಗಿ ಒಂದು ನಿಮಿಷ ಎಲ್ಲರೂ ಸುಮ್ಮನೆ ನಿಂತೇ ಇದ್ದರು.

ವೇದಿಕೆಯಿಂದ ಇಳಿದಾಗ ನಿಶ್ಚಿತಾ ಪಟ್ಟಿ ಹಿಡಿದು ಕಾಯುತ್ತಿದ್ದರು.

“ಅಂಕಲ್, ಉಳಿದ ಒಂದನ್ನ ಏನ್ ಮಾಡಿದ್ರಿ? ಆ ಕಾಲಂ ಖಾಲಿ ಬಿಟ್ಟಿದೀರ.”

ಐವತ್ತನಾಲ್ಕು ವರ್ಷದಿಂದ ಗುರುಬಸಪ್ಪನವರೂ ಅದನ್ನೇ ಕೇಳಿಕೊಳ್ಳುತ್ತಿದ್ದರು.

“ನಮ್ಮನೇಲಿದೆ,” ಎಂದಳು ಭಾಗ್ಯಶ್ರೀ, ಅಪ್ಪನ ಕೈ ಹಿಡಿದುಕೊಂಡು.

ನಿಶ್ಚಿತಾ ‘ಮನೆಗೆ ಕಟ್ಟಿಕೊಡಲಾಗಿದೆ’ ಎಂದು ಬರೆದು, ಸಹಿ ಹಾಕಿಸಿಕೊಂಡರು.