ಕುದಿಸಿದ ಕಂಬಳಿಯೂ ಮಗಳ ಎತ್ತರವೂ

ಮಗಳು ಪವಿತ್ರಳ ಎತ್ತರ ಅಳೆಯಲು ಡಾಕ್ಟರೇ ಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಮನೆಯಲ್ಲಿ ಅವಳ ಕಂಬಳಿ ಇತ್ತಲ್ಲ!

ಒಂಬತ್ತನೇ ವಯಸ್ಸಿಗೆ ಅವಳ ಕರುಳಿಗೆ ಬಾವು ಬಂತು. ಹೊಟ್ಟೆನೋವು, ಭೇದಿ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹದಿಮೂರು ತುಂಬುವಷ್ಟರಲ್ಲಿ ತಮ್ಮನೇ ಅವಳಿಗಿಂತ ಎತ್ತರವಾದ. ಬಾವು ಹತೋಟಿಗೆ ಬಂದರೆ ಬೆಳವಣಿಗೆ ಮತ್ತೆ ಶುರುವಾಗುತ್ತದೆ, ಆದರೆ ಬೆಳೆಯುವ ವಯಸ್ಸು ಮುಗಿದರೆ ಗಿಡ್ಡಾಗಿಯೇ ಉಳಿಯಬಹುದು ಎಂದು ಚಳ್ಳಕೆರೆಯ ಡಾಕ್ಟರಮ್ಮ ಹೇಳಿದ್ದರು. ಹೊಸ ಔಷಧಿ ಹಿಡಿಸಿ ಅವಳು ಒಂದು ಮುದ್ದೆ ಪೂರ್ತಿ ಉಂಡ ದಿನ ನನ್ನ ಉತ್ಸಾಹಕ್ಕೆ ಕಡಿವಾಣವೇ ಇಲ್ಲದಂತಾಯಿತು.

ಶುಚಿತ್ವವೇ ಪರಮಧರ್ಮವೆಂದು ತೀರ್ಮಾನಿಸಿ, ಹೆಂಡತಿ ಹೊಲಕ್ಕೆ ಹೋದ ಹೊತ್ತು ನೋಡಿ, ಮನೆಯ ಕಂಬಳಿಗಳನ್ನೆಲ್ಲ ಹಂಡೆಗೆ ತುಂಬಿ, ಸೋಡಾಪುಡಿ ಹಾಕಿ ಕೊತಕೊತ ಕುದಿಸಿದೆ. ಅವ್ವ ಸಿದ್ದಾಪುರದ ತಂಗಿಯ ಮನೆಗೆ ಹೋಗಿದ್ದಳು. ಇದ್ದಿದ್ದರೆ ನನ್ನನ್ನೇ ಕುದಿಸುತ್ತಿದ್ದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ನೋಡುತ್ತೇನೆ, ಮಲಗಿದ್ದ ಮಗಳ ಪಾದಗಳು ಕಂಬಳಿಯ ಹೊರಗೆ! ಹಿಂದಿನ ವಾರದವರೆಗೂ ತಲೆಯಿಂದ ಕಾಲಿನವರೆಗೆ ಮುಚ್ಚುತ್ತಿದ್ದ ಕಂಬಳಿ ಅದು. ನಮ್ಮ ರಾಂಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಗೇಣುದ್ದ ಹೆಚ್ಚಿಗೆ ಬಿಟ್ಟು ಹೊಸ ಯೂನಿಫಾರ್ಮ್ ಹೊಲಿಸಿದೆ. ಅದನ್ನು ತೊಟ್ಟ ಮಗಳು ನೆಲ ಗುಡಿಸಿಕೊಂಡು ನಡೆದಳು. ನಾನು ಟೈಲರನ್ನು ಬೈದೆ.

ಅಷ್ಟರಲ್ಲಿ ಅವ್ವ ಬಂದಳು. ಎಲ್ಲ ಕೇಳಿಸಿಕೊಂಡು, ನನ್ನನ್ನು ಮಲಗಿಸಿ, ಒಗೆದ ಮೇಲೆ ಮಡಚಿಯೇ ಇಟ್ಟಿದ್ದ ನನ್ನದೇ ಕಂಬಳಿ ಹೊದಿಸಿದಳು. ಮೊಣಕಾಲಿನಿಂದ ಕೆಳಗೆ ನಾನು ಪೂರ್ತಿ ಬಯಲಿನಲ್ಲಿದ್ದೆ.

"ನೀನೂ ಬೆಳ್ದಿದೀಯ ಕಣಲೇ," ಅಂದಳು. "ಉಣ್ಣೆಗೆ ಯಾರಾದ್ರೂ ಕುದಿಯೋ ನೀರು ಹಾಕ್ತಾರಾ?"

ನಲವತ್ತೈದರಲ್ಲಿ ಬೆಳೆದ ಅಪ್ಪನನ್ನು ಕಂಡು ಮಗಳು ಬಿದ್ದುಬಿದ್ದು ನಕ್ಕಳು. ಆಮೇಲೆ ತನ್ನ ಕಂಬಳಿಯತ್ತ ನೋಡಿದಳು.

"ಹಂಗಾದ್ರೆ ನಾನು ಬೆಳ್ದೇ ಇಲ್ವೇನಪ್ಪಾ?"

ಮರುದಿನವೇ ಚಳ್ಳಕೆರೆ ಬಸ್ಸು ಹತ್ತಿದೆವು. ಡಾಕ್ಟರಮ್ಮ ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದರು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದರು.

"ಹೋದ ಸಲಕ್ಕಿಂತ ಮೂರು ಸೆಂಟಿಮೀಟರ್ ಬೆಳೆದಿದ್ದಾಳೆ. ಬಾವೂ ಇಳಿದಿದೆ, ಇನ್ನೂ ಬೆಳೀತಾಳೆ."

ನಾನು ಅಲ್ಲೇ ಕುಣಿದೆ. ನರ್ಸ್ ಹೊರಗೆ ಕಳಿಸಿದರು. ಹೊರಗೂ ಕುಣಿದೆ!

ಬರುವಾಗ ಮಗಳಿಗೆ ಉದ್ದನೆಯ ಹೊಸ ಕಂಬಳಿ ತಂದೆವು. ನನಗೂ ಒಂದು ಬೇಕೆಂದರೆ ಹೆಂಡತಿ ಒಪ್ಪಲಿಲ್ಲ.

"ಮೊದ್ಲು ನೀವು ಬೆಳೆಯೋದು ನಿಲ್ಸ್ರಿ, ಆಮೇಲೆ ನೋಡಾಣ," ಅಂದಳು.

ಈಗ ಮಗಳು ಬೆಚ್ಚಗೆ ಮಲಗುತ್ತಾಳೆ. ನಾನು ಅವಳ ಹಳೆಯ ಸಾಕ್ಸ್ ಹಾಕಿಕೊಂಡು ಮಲಗುತ್ತೇನೆ. ಅವಳಿಗೆ ಅದು ಚಿಕ್ಕದಾಯಿತು.