ಬಾಗಿಲೊಳಗೆ ಹೋದವಳು ಎಲ್ಲಿ?

ಕುರುಬರಹಳ್ಳಿಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ನಾನು ಭಾನುವಾರ ಸಂಜೆ ಹೊರದೇಶದ ಸಿನಿಮಾ ತೋರಿಸುತ್ತೇನೆ. ಸಿನಿಮಾ ಅರ್ಥವಾಗದಿದ್ದಾಗಲೆಲ್ಲ ನಮ್ಮವರು ನಿರ್ದೇಶಕನನ್ನು ಬಿಟ್ಟು ನನ್ನನ್ನೇ ಅನುಮಾನಿಸುತ್ತಾರೆ.

ಈಚೆಗೆ ಇಟಲಿಯ ಒಂದು ಚಿತ್ರ ಹಾಕಿದ್ದೆ, ಅಜ್ಜಿ ಕತೆಯ ಥರದ್ದು. ಒಬ್ಬ ಹೆಂಗಸು ತನ್ನ ಮನೆಯ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಊರೂರು ಅಲೆಯುತ್ತಾಳೆ. ಕೊನೆಗೆ ಬೋಳುಗುಡ್ಡದ ಮೇಲೆ ಅದನ್ನು ನಿಲ್ಲಿಸಿ, ತೆರೆದು, ಒಳಗೆ ಹೋಗುತ್ತಾಳೆ. ಆ ಕಡೆಯಿಂದ ಹೊರಗೆ ಬರುವುದಿಲ್ಲ. ಅಲ್ಲಿಗೆ ಮುಗಿಯಿತು.

ವಿಚಾರಣೆ

ಲೈಟು ಹಾಕಿದರೂ ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ರಿಟೈರ್ಡ್ ಇನ್‌ಸ್ಪೆಕ್ಟರ್ ನನ್ನನ್ನೇ ದಿಟ್ಟಿಸಿ, "ಮಿಕ್ಕಿದ್ದು ಎಲ್ರೀ?" ಎಂದರು.

"ಇಷ್ಟೇ ಸಾರ್ ಇರೋದು."

"ಯಾರನ್ನ ಉಳಿಸೋಕೆ ಮುಚ್ಚಿಡ್ತಾ ಇದೀರಾ?"

ಕೊನೆಯ ದೃಶ್ಯವನ್ನು ಮತ್ತೆ ಹಾಕಿಸಿದರು. ಪರದೆಯ ಹತ್ತಿರ ಹೋಗಿ ಬಾಗಿಲಿನ ಹಿಂದೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು: "ಕೊನೇ ಸಲ ಅವಳನ್ನ ನೋಡಿದ್ದು ಯಾರು?"

"ನಾವೆಲ್ಲಾ ನೋಡಿದ್ವಲ್ಲ ಸಾರ್."

"ಹಾಗಾದ್ರೆ ಯಾರೂ ಊರು ಬಿಟ್ಟು ಹೋಗ್ಬೇಡಿ."

ಗುಡ್ಡ ಯಾರದು?

ಹಾಲ್‌ನ ಯಜಮಾನರು ಹಳೇ ಕುರುಬರಹಳ್ಳಿಯ ಗೌಡರು. ಅವರ ರಾಗಿ ಹೊಲಗಳೆಲ್ಲ ಈಗ ಬಿಲ್ಡಿಂಗುಗಳಾಗಿವೆ. ಸಿನಿಮಾದ ಸುದ್ದಿ ಕೇಳಿ ಮಾರನೇ ದಿನ ಬಂದರು.

"ಆ ಗುಡ್ಡ ಯಾರ ಹೆಸ್ರಲ್ಲಿದೆ?"

"ಗೌಡ್ರೇ, ಅದು ಮೋಕ್ಷದ ಸಂಕೇತ."

"ಮೊದ್ಲು ಹಾಗೇ ಹೇಳ್ತಾರೆ. ಇವತ್ತು ಬಾಗ್ಲು ನಿಲ್ಲಿಸ್ತಾಳೆ, ನಾಳೆ ಗೋಡೆ ಎಬ್ಬಿಸ್ತಾಳೆ, ನಾಡಿದ್ದು ಕೋರ್ಟಲ್ಲಿ ಸ್ಟೇ ತರ್ತಾಳೆ."

ಹಾಲ್ ಕೈತಪ್ಪೀತೆಂದು ನನಗೆ ಭಯ ಹತ್ತಿತು. ನಾವು ಯಾವ ಗೋಡೆಯನ್ನೂ ಎಬ್ಬಿಸುವವರಲ್ಲ ಎಂದು ಆಣೆ ಮಾಡಿದೆ. ಅವರ ಕಣ್ಣು ಮೂಲೆಯಲ್ಲಿದ್ದ ನಮ್ಮ ಬೀರುವಿನ ಮೇಲೆ ಬಿತ್ತು.

"ಇದಕ್ಕೂ ಬಾಗ್ಲಿದೆಯಲ್ಲ. ಸಂಜೆಯೊಳಗೆ ಎತ್ತಿಸಿ."

ಮುದುಕಿಯ ಮಾತು

ಚಿತ್ರದ ಕಟ್ಟಕಡೆಗೆ ಪರದೆ ಕಪ್ಪಾದ ಮೇಲೆ, ಆ ಬಾಗಿಲೊಳಗಿಂದ ಒಬ್ಬ ಮುದುಕಿ ಏನೋ ಅನ್ನುತ್ತಾಳೆ. ಅದಕ್ಕೆ ಸಬ್‌ಟೈಟಲ್ ಇರಲಿಲ್ಲ. ಬೇಕೆಂದೇ ತೆಗೆದಿದ್ದಾರೆ ಎಂಬುದು ನಮ್ಮ ಕನ್ನಡ ಮೇಷ್ಟ್ರ ಗುಮಾನಿ. "ದೊಡ್ಡ ಸತ್ಯ ಎಲ್ಲರಿಗೂ ತಿಳಿಯಬಾರದು ಅಂತ. ಆ ದನೀಲೇ ಗೊತ್ತಾಗುತ್ತೆ, ಆತ್ಮಕ್ಕೆ ಗೋಡೆಯಿಲ್ಲ ಅಂತಿದಾಳೆ," ಎಂದು ಕಣ್ಣೊರೆಸಿಕೊಂಡರು. ಕೆಲವರು ಕೈ ಮುಗಿದರು.

ಇಟಲಿಯಲ್ಲಿ ಓದಿ ಬಂದ ನನ್ನ ತಂಗಿಯ ಮಗಳು ಇಲ್ಲೇ ಹತ್ತಿರ ಉಲ್ಲಾಳದಲ್ಲಿದ್ದಾಳೆ. ಮುಂದಿನ ಭಾನುವಾರ ಅವಳನ್ನು ಕರೆಸಿದೆ. ನನ್ನ ಹೆಂಡತಿಯೂ ಜೊತೆಗೆ ಬಂದಳು. ಹಾಲ್ ತುಂಬಿತ್ತು. ಹುಡುಗಿ ಆ ಮಾತನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು. ಮೇಷ್ಟ್ರ ಕಡೆ ನೋಡಿ ಹಿಂಜರಿದಳು.

"ಪರವಾಗಿಲ್ಲ, ಹೇಳಮ್ಮ," ಎಂದೆ.

"ಮಾವ, 'ಬಾಗಿಲು ಹಾಕ್ಕೊಂಡು ಬಾರೇ, ಗಾಳಿ ಬರ್ತಿದೆ' ಅಂತಿದಾರೆ."

ಮೇಷ್ಟ್ರು ಎದ್ದು ನಿಂತು, "ಎಂಥಾ ತತ್ತ್ವ," ಎಂದು ಮತ್ತೆ ಕಣ್ಣೊರೆಸಿಕೊಂಡರು. ಕೆಲವರು ಮತ್ತೆ ಕೈ ಮುಗಿದರು.

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು.

"ಮದುವೆ ಆದಾಗಿಂದ ನಾನು ನಿಮಗೆ ಹೇಳ್ತಾ ಇರೋದೂ ಇದನ್ನೇ. ಒಂದು ದಿನಾನಾದ್ರೂ ಕೈ ಮುಗಿದಿದೀರಾ?"